ಮೋತ್ಯಾನನ್ನು ಯಾರಿಗೆ ಒಪ್ಪಿಸುವುದು?

ರಜೆ ಬಂತೆಂದರೆ ಉಳಿದ ಮಾಸ್ತರರ ಮನೆಯಲ್ಲಿ ಅಟ್ಟದಿಂದ ಟ್ರಂಕು ಇಳಿಯುತ್ತಿತ್ತು, ನಮ್ಮ ಮನೆಯಲ್ಲಿ ಜಗಳ ಏಳುತ್ತಿತ್ತು. ಒಂದು ವರ್ಷ ತಪ್ಪಿದರೆ ಹೇಳಿ! ಎಪ್ಪತ್ತರ ದಶಕದ ಮಾತು. ನಾನು ಶಲವಡಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ನನ್ನ ಹೆಂಡತಿಯ ತವರು ಬಾಗಲಕೋಟೆ. ನಡುವೆ ಅಡ್ಡ ನಿಂತದ್ದು ಒಂದು ನಾಯಿ, ಒಂದು ಬೆಕ್ಕು. ನಾಯಿಯ ಹೆಸರು ಮೋತ್ಯಾ. ಬೆಕ್ಕಿಗೆ ಹೆಸರಿರಲಿಲ್ಲ, ಇದ್ದರೂ ಕರೆದರೆ ಬರುವ ಜಾತಿಯಲ್ಲ ಅದು.

“ಮೂಕಪ್ರಾಣಿ ಉಪಾಸ ಕೆಡವಿ ನಾ ತವರಿಗೆ ಹೋಗಿ ಹೋಳಿಗಿ ಉಣ್ಣಲ್ರಿ” ಎಂದು ಆಕೆ. “ನಾಯಿ ಕಾಯಾಕ ಸರಕಾರ ನನಗ ರಜಾ ಕೊಟ್ಟಿಲ್ಲ” ಎಂದು ನಾನು. ಆಕೆಗೆ ವರ್ಷದಲ್ಲಿ ಒಮ್ಮೆಯಾದರೂ ತಾಯಿಯ ಮನೆಯಲ್ಲಿ ಹದಿನೈದು ದಿನ ನಿಶ್ಚಿಂತೆಯಿಂದ ಇರಬೇಕೆಂಬ ಆಸೆ. ದೊಡ್ಡ ಆಸೆಯೇನಲ್ಲ. ಅದನ್ನು ಈಡೇರಿಸಲು ನಾನು ಪಟ್ಟ ಪಾಡು ಮಾತ್ರ ಸಣ್ಣದಲ್ಲ.

ನಿಮ್ಮೊಬ್ಬರಿಗೇ ಹೇಳಿದ್ದು

ಮೊದಲ ವರ್ಷ ಮೋತ್ಯಾನ ಊಟದ ಜವಾಬ್ದಾರಿಯನ್ನು ಬಾಜೂ ಮನೆಯ ಬಡಿಗೇರರಿಗೆ ಒಪ್ಪಿಸಿದೆ. “ದಿನಾ ಒಂದು ರೊಟ್ಟಿ ಹಾಕ್ರಿ ಸಾಕು. ಮತ್ತ್ಯಾರಿಗೂ ಹೇಳಿಲ್ಲ, ನಿಮ್ಮೊಬ್ಬರಿಗೇ ಹೇಳೀನಿ” ಎಂದೆ. ಅವರು ಸಂತೋಷದಿಂದ ಒಪ್ಪಿದರು. ಮನೆಗೆ ಬಂದ ಮೇಲೆ ಸಂಶಯ ಹುಟ್ಟಿತು. ಇವರು ಮರೆತರೆ? ಎದುರು ಮನೆಗೆ ಹೋಗಿ ಅದೇ ಮಾತು ಹೇಳಿದೆ. ಅವರೂ ಊರಿಗೆ ಹೋದರೆ? ಮೂರನೆಯ ಮನೆ ಹೊಕ್ಕೆ. ಲೆಕ್ಕವನ್ನು ಎರಡು ಸಲ ತಾಳೆ ನೋಡಿರೆಂದು ಮಕ್ಕಳಿಗೆ ಕಲಿಸುವವನು ನಾನು. ಕತ್ತಲಾಗುವ ಹೊತ್ತಿಗೆ ಓಣಿಯ ಏಳು ಮನೆಗೂ ‘ನಿಮ್ಮೊಬ್ಬರಿಗೇ’ ಎಂದು ಹೇಳಿ ಮುಗಿಸಿದ್ದೆ.

ಎಂಟು ದಿನ ಬಿಟ್ಟು ಬಂದರೆ ಮೋತ್ಯಾ ನಮ್ಮ ಕಟ್ಟೆಯ ಮೇಲೆ ಹತ್ತಿ ತುಂಬಿದ ಅಂಡಿಗೆ ಚೀಲದಂತೆ ಬಿದ್ದುಕೊಂಡಿತ್ತು. ನಮ್ಮನ್ನು ನೋಡಿ ಏಳಲು ಹೋಯಿತು, ಆಗಲಿಲ್ಲ. ಬಾಲವನ್ನಷ್ಟೇ ಎರಡು ಸಲ ನೆಲಕ್ಕೆ ಬಡಿದು ಸ್ವಾಗತ ಮುಗಿಸಿತು. ಏಳು ಮನೆಯ ರೊಟ್ಟಿಯ ಜೊತೆಗೆ, ಮಾಸ್ತರರು ತಮ್ಮೊಬ್ಬರ ಮೇಲೇ ಇಟ್ಟ ನಂಬಿಕೆಗಾಗಿ ಏಳು ಮನೆಯ ಬೆಣ್ಣೆಯೂ ಅದರ ಹೊಟ್ಟೆ ಸೇರಿತ್ತು.

ಕೆರೆಗೆ ನೀರಿಗೆ ಹೋದಾಗ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ವಿಷಯ ಬಯಲಾಗಿತ್ತು. ಬಡಿಗೇರರ ಹೆಂಡತಿ ತುಂಬಿದ ಕೊಡ ಹೊತ್ತುಕೊಂಡೇ ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

“ಯಾಕ್ರಿ ಮಾಸ್ತರ್ರ, ಸಾಲ್ಯಾಗೂ ಹಿಂಗ ಏನ್ರಿ? ಎಲ್ಲಾ ಹುಡುಗೂರನ್ನೂ ಬಾಜೂಕ ಕರದು, ಪೈಲಾ ನಂಬರ್ ನೀನ ಒಬ್ಬಾವ ಅಂತ ಹೇಳತೀರೇನು?”

ಕಾಯ್ದೆ ಬಲ್ಲ ಪ್ರಯಾಣಿಕ

ಮರುವರ್ಷ ಹೆಂಡತಿಯ ಅಣ್ಣನ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಇನ್ನು ಯಾರ ಕಾಲೂ ಹಿಡಿಯುವುದು ಬೇಡ, ಮೋತ್ಯಾನನ್ನು ಜೊತೆಗೇ ಕರೆದುಕೊಂಡು ಹೋಗೋಣ ಎಂದು ನಿಶ್ಚಯಿಸಿದೆ. ಬೆಕ್ಕು ಹೇಗೂ ಇಲಿ ಹಿಡಿದು ಬದುಕುತ್ತದೆ. ಕೊರಳಿಗೆ ಹಗ್ಗ ಕಟ್ಟಿ ಬಸ್ಸಿನ ಬಾಗಿಲಿಗೆ ತಂದರೆ ಕಂಡಕ್ಟರ್ ಅಡ್ಡ ನಿಂತ.

“ನಾಯಿ ಹತ್ತಿಸಂಗಿಲ್ರಿ.”

“ಯಾವ ಕಾಯ್ದೆದಾಗ ಐತಿ, ತೋರಸ್ರಿ” ಎಂದೆ. ಹಾಗೆ ಕೇಳಬಾರದಿತ್ತು. ಬಸ್ಸಿನಲ್ಲಿದ್ದ ಎಲ್ಲರಿಗೂ ಕೆಲಸ ಸಿಕ್ಕಂತಾಯಿತು.

“ಮೊನ್ನೆ ನವಲಗುಂದ ಸಂತಿಗೆ ಆಡು ಹತ್ತಿಸಿದ್ದಿಲ್ಲೇನು? ನಾಯಿ ಏನ್ ಪಾಪ ಮಾಡೇತಿ?” ಎಂದು ಹಿಂದಿನ ಸೀಟಿನ ಮುದುಕನೊಬ್ಬ ವಕೀಲಿ ಶುರು ಮಾಡಿದ. “ಆಡು ಕಡಿಯಂಗಿಲ್ಲ, ನಾಯಿ ಕಡೀತೈತಿ” ಎಂದು ಮುಂದಿನ ಸೀಟಿನವನು. “ಆಡು ಹಾಯ್ತೈತಲ್ಲ!” ಎಂದು ಮತ್ತೆ ಮುದುಕ. ಡ್ರೈವರ್ ಇಂಜಿನ್ ಬಂದ್ ಮಾಡಿ, ಬೀಡಿ ಹಚ್ಚಿ, ತಿರುಗಿ ಕೂತ. ಅರ್ಧ ತಾಸು ವಾದ ನಡೆಯಿತು. ಕಡೆಗೆ ಇಡೀ ಬಸ್ಸು ನಮ್ಮ ಕಡೆಗಾಯಿತು. ಕಂಡಕ್ಟರ್ ಸೋತು, “ಹತ್ತರಿ ಮಾರಾಯ್ರ, ಸೀಟಿನ ಕೆಳಗ ಕೂಡಸ್ರಿ” ಎಂದ.

ಜನರೆಲ್ಲ ಗೆದ್ದ ಖುಷಿಯಲ್ಲಿ ಸರಿದು ಜಾಗ ಮಾಡಿಕೊಟ್ಟರು. ಮೋತ್ಯಾ ಒಳಗೆ ಬಂದು ಒಮ್ಮೆ ಎಲ್ಲರ ಮುಖ ನೋಡಿತು. ಇಂಜಿನ್ ಗುರ್ ಎಂದದ್ದೇ ತಡ, ನನ್ನ ಕೈಯ ಹಗ್ಗ ಕಿತ್ತುಕೊಂಡು, ವಕೀಲ ಮುದುಕನ ತೊಡೆಯ ಮೇಲಿಂದ ಕಿಟಕಿಗೆ ಹಾರಿ, ಊರ ದಾರಿ ಹಿಡಿದು ಓಡಿತು.

ಕಂಡಕ್ಟರ್ ಸಮಾಧಾನದಿಂದ ಹೇಳಿದ: “ನೋಡ್ರಿ ಮಾಸ್ತರ್ರ. ಬಸ್ಸಿನ್ಯಾಗ ಕಾಯ್ದೆ ಗೊತ್ತಿದ್ದಾಂವ ಅಂದ್ರ ಅದೊಂದ.”

ನಗು ಬಂತು, ನಿಜ. ಆದರೆ ಕೊರಳಲ್ಲಿ ಹಗ್ಗ ಎಳೆದುಕೊಂಡು ಹೋದ ನಾಯಿಯನ್ನು ಬಿಟ್ಟು ಹೋಗಲು ಹೆಂಡತಿ ಒಪ್ಪಲಿಲ್ಲ, ಇಳಿದೇ ಬಿಟ್ಟಳು. ಕೂಸಿಗೆಂದು ತಾನೇ ಹೊಲಿದಿದ್ದ ಕುಂಚಿಗೆಯನ್ನು ತಿರುಗಿ ಟ್ರಂಕಿನಲ್ಲಿ ಇಟ್ಟಳು. ಆಕೆ ಬೈದಿದ್ದರೆ ನನಗೆ ಇಷ್ಟು ಕೆಡುಕೆನಿಸುತ್ತಿರಲಿಲ್ಲ.

ಬೆಕ್ಕಿನ ನೇಮ

ನಮ್ಮ ಕಷ್ಟ ನೋಡಲಾರದೆ ಮುಂದೆ ಬಂದವಳು ಹಿತ್ತಲ ಕಡೆಯ ಮನೆಯ ಆಯಿ. ಎಪ್ಪತ್ತು ದಾಟಿದ ಜೀವ. ಮುಂಜಾನೆ ಜಳಕ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಆಗದೆ ಗುಟುಕು ಚಹಾ ಕೂಡ ಕುಡಿಯುವವಳಲ್ಲ. “ದಸರಾ ಸೂಟಿಗೆ ನಾಕ್ ದಿನಾ ಹೋಗಿ ಬರ್ರಿ. ನಾಯಿ, ಬೆಕ್ಕು ಎರಡೂ ನನ್ನ ಕಡೆ ಇರ್ಲಿ” ಎಂದಳು.

ನಾವು ನಾಲ್ಕು ದಿನ ಹೋಗಿ ಬಂದೆವು. ಮೋತ್ಯಾ ಸೊರಗಿರಲಿಲ್ಲ, ದಪ್ಪವೂ ಆಗಿರಲಿಲ್ಲ. ಬೆಕ್ಕು ಮಾತ್ರ ಪೂರ್ತಿ ಬದಲಾಗಿತ್ತು. ಮುಂಜಾನೆ ಹಾಲಿಗಾಗಿ ಹೆಂಡತಿಯ ಕಾಲು ಸುತ್ತಿ ಒದರುತ್ತಿದ್ದ ಬೆಕ್ಕು ಈಗ ನೆಟ್ಟಗೆ ಹೋಗಿ ದೇವರ ಜಗಲಿಯ ಮುಂದೆ ಬಾಲ ಸುತ್ತಿಕೊಂಡು ಕೂಡಹತ್ತಿತು. ಹಾಲಿಟ್ಟರೆ ಮೂಸಲಿಲ್ಲ. ನನ್ನನ್ನೇ ನೋಡುತ್ತ ಕೂತಿತು. ನಾನು ಆಯಿಯ ಬಳಿಗೆ ಓಡಿದೆ.

“ಏನೂ ಜಡ್ಡಿಲ್ಲ ತಗೋರಿ” ಎಂದಳು ಆಯಿ. “ನಮ್ಮ ಮನ್ಯಾಗ ಪೂಜಾ ಆಗದ ಯಾರಿಗೂ ಹಾಲು ಹಾಕಂಗಿಲ್ಲ. ಗಂಟಿ ಬಾರಿಸಿ, ಹಣಿಗೆ ಈಟು ವಿಭೂತಿ ಹಚ್ಚಿ, ಆಮ್ಯಾಲ ಹಾಕತಿದ್ದೆ. ನೀವೂ ಹಂಗ ಮಾಡ್ರಿ.”

ಶಾಲೆಗೆ ತಡವಾಯಿತೆಂದು ಜಗಲಿಗೆ ನಿಂತಲ್ಲೇ ಕೈ ಮುಗಿದು ಓಡುವವನು ನಾನು. ಅಂದಿನಿಂದ ದಿನಾ ಜಳಕ ಮಾಡಿ, ಕೂತು, ಗಂಟೆ ಬಾರಿಸಿ ಪೂಜೆ ಮಾಡುವಂತಾಯಿತು. ಊರ ಹಿರಿಯರು ನನ್ನ ಭಕ್ತಿಯನ್ನು ಕೊಂಡಾಡಿದರು. ಬೆಕ್ಕಿನ ಹೆದರಿಕೆಯಿಂದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಒಡೆಯದ ತಾರು

ಮುಂದಿನ ಬೇಸಿಗೆಯಲ್ಲಿ ಹೆಂಡತಿಯ ಒಬ್ಬಳೇ ತಂಗಿಯ ಮದುವೆ ಗೊತ್ತಾಯಿತು. ಈ ಸಲ ಹದಿನೈದು ದಿನ ಎಂದು ನಾನೇ ಮಾತು ಕೊಟ್ಟೆ. ಹೊರಡುವಾಗ ಹೆಂಡತಿ ಆಯಿಯ ಕೈ ಹಿಡಿದು, “ಎಲ್ಲಾ ಆರಾಮ ಅದಾವು ಅಂತ ಒಂದು ಸುದ್ದಿ ಬಂತಂದ್ರ ಸಾಕ್ರಿ ಆಯಿ, ನಾ ಹಗೂರಾಗಿ ಮದುವಿ ಮಾಡತೇನಿ” ಎಂದಳು. ಆಯಿ, “ನೀ ಹೋಗವಾ, ನಾ ಮುಟ್ಟಸತೇನಿ” ಎಂದಳು.

ಮದುವೆಯ ದಿನ ಮುಂಜಾನೆ, ಅಕ್ಕಿಕಾಳಿಗೆ, ಅಂದರೆ ಅಕ್ಷತೆ ಬೀಳಲು, ಇನ್ನೊಂದು ತಾಸಿರುವಾಗ, ಟೆಲಿಗ್ರಾಂ ಆಫೀಸಿನ ಜವಾನ ಹಂದರದ ಬಾಗಿಲಿಗೆ ತಾರು ತಂದ.

ಆಗಿನ ಕಾಲದಲ್ಲಿ ತಾರು ಬಂದರೆ ಓದುವ ಮೊದಲೇ ಅಳುತ್ತಿದ್ದರು, ಅಳುವುದಕ್ಕಲ್ಲದೆ ಬೇರೆ ಯಾವುದಕ್ಕೂ ಅದು ಬರುತ್ತಿರಲಿಲ್ಲ. ಓಲಗದವರು ತಾವಾಗಿಯೇ ನಿಲ್ಲಿಸಿದರು. ಇಂಗ್ಲಿಷ್ ಓದುವವನೆಂದು ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. ಒಡೆಯಲು ಹೋದರೆ ಮಾವನವರು ಕೈ ಹಿಡಿದರು. “ಒಡೀಬ್ಯಾಡ್ರಿ ಅಳಿಯಾರ. ಮೊದಲ ಅಕ್ಕಿಕಾಳು ಬೀಳ್ಲಿ. ಆಮ್ಯಾಲ ಏನಿದ್ರೂ ತಿಳಕೊಂಡ್ರಾತು.” ಬೀಗರೂ ಹೂಂ ಎಂದರು. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡೆ.

ಯಾರು ಹೋಗಿರಬಹುದು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹೆಂಡತಿಯ ಸೋದರಮಾವ ಗದಗಿನಲ್ಲಿ ತಿಂಗಳಿಂದ ಹಾಸಿಗೆ ಹಿಡಿದಿದ್ದ. ಬದುಕಿದ್ದಾಗ ಅವನ ಸಿಟ್ಟಿಗೆ ಹೆದರಿ ಓಣಿ ತಪ್ಪಿಸಿ ಹೋಗುತ್ತಿದ್ದವರೆಲ್ಲ ಮೂಲೆಯಲ್ಲಿ ನಿಂತು, “ಎಂಥಾ ಬಂಗಾರದಂಥಾ ಮನಷ್ಯಾ” ಎನ್ನಹತ್ತಿದರು. ನನ್ನ ಹೆಂಡತಿಯಂತೂ ತಂಗಿಯ ಬೆನ್ನ ಹಿಂದೆ ನಿಂತು ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕುತ್ತಿದ್ದಳು. ಅತ್ತೆಯವರು ಬೀಗಿತಿಗೆ ಹೇಳಿದರು: “ನೋಡ್ರಿ, ಸ್ವಾದರಮಾವನ ಮ್ಯಾಲೆ ಎಷ್ಟು ಜೀವಾ ಅಕೀದು!” ಮೋತ್ಯಾ ಸತ್ತಿತೆಂದು ಆಕೆ ಅಳುತ್ತಿದ್ದುದು ನನಗೊಬ್ಬನಿಗೇ ಗೊತ್ತು. ನನ್ನ ಕೈಯೂ ಮತ್ತೆ ಮತ್ತೆ ಜೇಬಿಗೆ ಹೋಗುತ್ತಿತ್ತು.

ಅಕ್ಕಿಕಾಳು ಬಿದ್ದವು. ಅಷ್ಟರಲ್ಲಿ ಹಂದರದ ಹೊರಗೆ ಟಾಂಗಾ ನಿಂತು, ಅದರಿಂದ ಕೋಲೂರಿಕೊಂಡು ಸೋದರಮಾವನೇ ಇಳಿದ.

“ಯಾಕಲೇ, ಓಲಗಿಲ್ಲ, ನಗಿಯಿಲ್ಲ, ಏನ್ ಮದುವಿ ಮಾಡಾಕತ್ತೀರೋ, ಮಣ್ಣು ಮಾಡಾಕತ್ತೀರೋ?” ಎಂದು ಗರ್ಜಿಸಿದ. ಧ್ವನಿ ಕೇಳಿ ಅವನೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಅತ್ತೆಯವರು ಅಳುತ್ತ ನಗುತ್ತ ನಡೆದದ್ದನ್ನು ಹೇಳಿ, “ನಿನ್ನ ಸಲುವಾಗಿ ನಮ್ಮ ಹುಡುಗಿ ಅತ್ತೂ ಅತ್ತೂ ಕಣ್ಣು ಕೆಂಪ ಮಾಡ್ಕೊಂಡಾಳ ನೋಡಪಾ” ಎಂದರು. ಸೋದರಮಾವನ ಮುಖ ಬೆಣ್ಣೆಯಂತೆ ಕರಗಿತು. ಆಕೆಯ ತಲೆ ಮೇಲೆ ಕೈಯಿಟ್ಟು, “ನನಗ ಅಂತ ಅಳಾವ್ರೂ ಅದಾರ ಅಂತ ಗೊತ್ತಿದ್ದಿಲ್ಲವಾ” ಎಂದ.

“ಹಂಗಾರ ತಾರಿನ್ಯಾಗ ಏನೈತಿ? ಒಡೀರಿ” ಎಂದರು ಬೀಗರು. ಒಡೆದೆ. ನಾಲ್ಕು ಸಾಲು. ಕನ್ನಡ ಮಾಡಿ ಎಲ್ಲರಿಗೂ ಕೇಳುವಂತೆ ಓದಿದೆ: ‘ನಾಯಿ ಉಂಡಿದೆ. ಬೆಕ್ಕೂ ಉಂಡಿದೆ. ನಾನೂ ಉಂಡಿದ್ದೇನೆ. ಮದುವೆ ಚೆನ್ನಾಗಿ ಮಾಡಿರಿ.’

ಪತ್ರ ಬರೆದರೆ ಮದುವೆ ಮುಗಿದ ಮೇಲೆ ಮುಟ್ಟೀತೆಂದು ಆಯಿ ಚಕ್ಕಡಿ ಕಟ್ಟಿಸಿಕೊಂಡು ಅಣ್ಣಿಗೇರಿಗೆ ಹೋಗಿ ತಾರು ಹೊಡೆಸಿದ್ದಳು.

ಹೆಂಡತಿ “ಮೋತ್ಯಾ ಅದಾನ!” ಎಂದು ಕುಣಿದೇ ಬಿಟ್ಟಳು. ಸೋದರಮಾವ ಆಕೆಯ ತಲೆಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದ.

“ಅಂದ್ರ... ನೀ ಅತ್ತದ್ದು ನಾಯಿ ಸಲುವಾಗಿ?”

ಆಕೆಗೆ ಸುಳ್ಳು ಹೇಳಲು ಬಾರದು. ತಲೆ ತಗ್ಗಿಸಿದಳು. ಹಂದರವೆಲ್ಲ ಅವನ ಸಿಟ್ಟಿಗೆ ಕಾಯಿತು. ಸೋದರಮಾವ ಕೋಲನ್ನು ನೆಲಕ್ಕೆ ಊರಿ, “ಇರ್ಲಿ ಬಿಡವಾ. ನನಗಿಂತಾ ಅದ ಕಮ್ಮಿ ಬೊಗಳತಿದ್ದೀತು” ಎಂದ. ನಿಂತಿದ್ದ ಓಲಗ ಆ ನಗೆಯಲ್ಲೇ ಮತ್ತೆ ಶುರುವಾಯಿತು.

ಬಂದ ತಾರು

ಹೆಂಡತಿ ಹದಿನೈದು ದಿನ ತಾಯಿಯ ಕೈಯ ಊಟ ಉಂಡು, ಅಂಗಳದಲ್ಲಿ ಕೂತು ಹರಟೆ ಹೊಡೆದಳು. ಆಕೆಯನ್ನು ಅಷ್ಟು ಹಗುರಾಗಿ ನಾನು ಕಂಡೇ ಇರಲಿಲ್ಲ. ಆಯಿಗೂ ಸಮಾಧಾನವಾಗಲೆಂದು ಮದುವೆಯ ಮರುದಿನವೇ ನಾನೊಂದು ತಾರು ಹೊಡೆದಿದ್ದೆ: ‘ನಿಮ್ಮ ತಾರು ಮುಟ್ಟಿತು. ಎಲ್ಲರೂ ಕ್ಷೇಮ.’

ತಿರುಗಿ ಬಂದರೆ ಮೋತ್ಯಾ ಓಣಿಯ ತುಂಬ ಕುಣಿದಾಡಿತು. ಜನ ಮಾತ್ರ ನಮ್ಮನ್ನು ಎಣಿಸುವವರ ಹಾಗೆ ನೋಡಿದರು. ಆಯಿ ಜಗಲಿಯ ಮೇಲಿಂದ, ವಿಭೂತಿ ಹಚ್ಚಿಟ್ಟಿದ್ದ ಲಕೋಟೆಯನ್ನು ತಂದು ನನ್ನ ಕೈಗೆ ಕೊಟ್ಟಳು. ಒಡೆದೇ ಇರಲಿಲ್ಲ.

“ಹತ್ತು ದಿನಾತು ಬಂದು. ಒಡ್ಯಾಕ ಯಾರಿಗೂ ಧೈರ್ಯ ಆಗಲಿಲ್ಲ. ಇಬ್ಬರೂ ಬಂದೀರಲ್ಲ, ಶಿವನೇ! ಇನ್ನ ಓದ್ರಿ, ಯಾರು ಹೋದ್ರು?”

“ಆಯಿ, ನೀವ ಮೊದಲ ತಾರು ಹೊಡಿಸಿದವರು! ನಿಮಗ್ಯಾಕ್ರಿ ಹೆದರಿಕಿ?” ಎಂದೆ.

ಆಯಿ ನನ್ನನ್ನು ಏನೂ ತಿಳಿಯದ ಕೂಸನ್ನು ನೋಡುವಂತೆ ನೋಡಿದಳು.

“ಕಳಸೂ ತಾರು ಬ್ಯಾರೆ, ಬರೂ ತಾರು ಬ್ಯಾರೆ, ಮಾಸ್ತರ್ರ. ಇಷ್ಟೂ ತಿಳಿಯಂಗಿಲ್ಲ, ಸಾಲ್ಯಾಗ ಏನ್ ಕಲಸತೀರಿ?”