ಜಿಂಕೆಗಳಿಗೊಂದು ಅನ್ನಛತ್ರ

ನಾನು ಬರೆದು ಕೈತೊಳೆದುಕೊಳ್ಳುವ ಅಂಕಣಕಾರನಲ್ಲ; ಬರೆದಂತೆ ಬದುಕುವವ! "ಕಾಡು ತಿಂದವರು ನಾವು, ಕಾಡಿನವರಿಗೆ ಉಣಿಸಬೇಕಾದವರೂ ನಾವೇ. ಹಸಿದು ಬಂದವರಿಗೆ ಬೇಲಿ ಹಾಕುವವನು ಪಾಪಿ!" ಎಂದು ಪತ್ರಿಕೆಯಲ್ಲಿ ಗುಡುಗಿದೆ. ಮರುದಿನವೇ ಕುಂಕಳ್ಳಿಯ ನಮ್ಮ ಮನೆಯ ಹಿಂದಿನ ಎರಡು ಗುಂಟೆಯಲ್ಲಿ, ಗುಡ್ಡದಿಂದ ಇಳಿಯುವ ಜಿಂಕೆ-ಮೊಲಗಳಿಗಾಗಿ ಕ್ಲೋವರ್ ಬೆಳೆಸುವ ಶಪಥ ಮಾಡಿದೆ. ಕ್ಲೋವರ್ ಎಂದರೆ ಮೂರೆಲೆಯ ಮೇವು; ನೋಡಲು ಥೇಟ್ ಮೆಂತ್ಯೆಯ ತಂಗಿ.

ಹೆಂಡತಿ ಕಾಂಚನಾ ಆ ಜಾಗವನ್ನು ಬದನೆಗೆಂದು ಕಾದಿಟ್ಟಿದ್ದಳು.

"ಸಂಕ್ರಾಂತಿ ಒಳಗ ಒಂದಽ ಒಂದು ಕಾಡಪ್ರಾಣಿ ಬಂದದ್ದು ತೋರಸ್ರಿ. ಇಲ್ಲಂದ್ರ ಜಾಗ ನಂದು!"

"ಒಂದ್ಯಾಕ? ಹಿಂಡಿಗೆ ಹಿಂಡಽ ಬರ್ತಾವ!"

ಕೆಂಪು ಮಣ್ಣಿನ ಹುಳಿ ಮುರಿಯಲು ಸುಣ್ಣ ಸುರಿದೆ. ಬೀಜಕ್ಕೆ ಜೀವಾಣು ಗೊಬ್ಬರ ಅಂಟಲೆಂದು ಬೆಲ್ಲದ ನೀರು ಕಾಯಿಸಿದೆ. ಮನೆಯ ಬೆಲ್ಲವೆಲ್ಲ ಸ್ವಾಹಾ! ಬೀಜವನ್ನು ನೆರಳಿಗೆ ಹರವಿದರೆ ಇರುವೆಗಳ ದಂಡು ಬಂದು ಅರ್ಧ ಹೊತ್ತೊಯ್ದಿತು.

"ಇರುವಿ ಕಾಡಪ್ರಾಣಿ ಅಲ್ಲೇನು?" ಎಂದೆ.

"ಅಡಗಿಮನಿ ಡಬ್ಬ್ಯಾಗೂ ಹೊಕ್ಕಾವ. ಅವಕ್ಕೂ ಒಂದು ಅಂಕಣಾ ಬರೀರಿ!"

ಉಳಿದದ್ದು ಮೊಳೆಯಿತು. ಬಗ್ಗಿ ಬಗ್ಗಿ ಕಳೆ ಕಿತ್ತೆ. ಡಿಸೆಂಬರ್ ಮುಗಿಯುವಷ್ಟರಲ್ಲಿ ಹಸಿರು ಕಂಬಳಿ! ಒಂದು ಬೆಳಗ್ಗೆ ನೋಡಿದರೆ ಒಂದು ಮೂಲೆ ಬೋಳು. ಮತ್ತೆ ಚಿಗುರಲೆಂದು ನೆಲದಿಂದ ನಾಲ್ಕು ಬೆರಳು ಬಿಟ್ಟು, ಶಾಸ್ತ್ರೋಕ್ತವಾಗಿ ಕತ್ತರಿಸಿದಂತಿತ್ತು!

"ಜಿಂಕಿ ಬಂದಿತ್ತು! ಏನ್ ಶಿಸ್ತು ನೋಡು!"

"ಭಾಳ ಶಿಸ್ತು. ಕುಡಗೋಲು ಯಾರು ಕೊಟ್ರಂತ ಅದಕ್ಕ?"

ಅನುಮಾನ ಹೊಕ್ಕಿತು. ಸಂಕ್ರಾಂತಿಗೆ ಮೂರೇ ದಿನ. ನಸುಕಿನಲ್ಲೇ ಬಡಿಗೆ ಹಿಡಿದು ಬಾಳೆಯ ಮರೆಯಲ್ಲಿ ಕೂತೆ. ಸರಸರ ಸದ್ದು! ಬಗ್ಗಿ ಕೊಯ್ಯುತ್ತಿದ್ದವಳು ಪಕ್ಕದ ಓಣಿಯ ಹುಲಿಗೆಮ್ಮ, ಬುತ್ತಿ ಕಟ್ಟಿಕೊಂಡು ಕಾರ್ಖಾನೆಗೆ ಹೊರಟವಳು. ಬಡಿಗೆ ಎತ್ತಿ ನುಗ್ಗಿದೆ.

"ಏ ಕಳ್ಳಿ! ಜಿಂಕಿ ಪಾಲಿಂದು ಕದೀತಿಯೇನು?"

ಹುಲಿಗೆಮ್ಮ ಅಲುಗಲಿಲ್ಲ.

"ಕಳವು ಯಾಕ್ರಿ ಅಣ್ಣಾರ? 'ಹಸದ ಬಂದವ್ರಿಗೆ ಬೇಲಿ ಹಾಕಾಂವ ಪಾಪಿ' ಅಂತ ನೀವಽ ಪೇಪರಿನ್ಯಾಗ ಬರದೀರಂತ. ನನ್ನ ಮಗಳು ಸೀಮಾ ಓದಿ ಹೇಳಿದ್ಲು. ಬೇಲಿನೂ ಇರಲಿಲ್ಲ. ನನಗೂ ರೊಟ್ಟಿ ಜೋಡಿ ಹಸೀ ತಪ್ಪಲ ಇಲ್ಲಂದ್ರ ತುತ್ತು ಇಳಿಯಂಗಿಲ್ರಿ."

ಸೊಪ್ಪನ್ನು ಬುತ್ತಿಗೆ ತುರುಕುತ್ತ ಸೇರಿಸಿದಳು: "ಆದ್ರ ನಿಮ್ಮ ಮೆಂತ್ಯೆ ಭಾಳ ಸಪ್ಪಗೈತ್ರಿ. ಬೀಜ ಬದಲಿ ಮಾಡ್ರಿ!"

ಹತ್ತು ವರ್ಷದಿಂದ ಬರೆಯುತ್ತಿದ್ದೇನೆ. ನನ್ನ ಮಾತನ್ನು ಅಕ್ಷರಶಃ ನಂಬಿದ ಮೊದಲ ಜೀವ ಸಿಕ್ಕಿತ್ತು; ಅದರ ಮೇಲೆಯೇ ಬಡಿಗೆ ಎತ್ತಿದ್ದೆ! ಪಾಪಿ ಯಾರೆಂದು ಇನ್ನೊಂದು ಅಂಕಣ ಬರೆದು ತಿಳಿಯಬೇಕಿರಲಿಲ್ಲ. ಬಡಿಗೆ ಕೆಳಗೆ ಹಾಕಿದೆ.

"ತಪ್ಪಾತವ್ವಾ. ಬೇಕಾದಷ್ಟು ಕೊಯ್ಕೋ."

ತಿರುಗಿದರೆ ಹಿತ್ತಲ ಬಾಗಿಲಲ್ಲಿ ಕಾಂಚನಾ.

"ಸೋತೆ. ಜಾಗ ನಿಂದು" ಎಂದೆ.

"ಛೇ, ಗೆದ್ದವ್ರು ನೀವಽ! ಒಂದು ಕಾಡಪ್ರಾಣಿ ಬಂದದ್ದು ಈಗಽ ನನ್ನ ಕಣ್ಣೀಲೆ ನೋಡಿದ್ನಲ್ಲ. ಬಡಿಗಿ ಹಿಡಕೊಂಡು ಹೆಣ್ಮಗಳ ಮ್ಯಾಲೆ ಹಾಯಾಕ ಹೊಂಟಿತ್ತು!"