ಕಪ್ಪು ಅಂಚಿನ ಅಜೀಜ್ ಸಾಬ್ರು

ಲೆಕ್ಕ ಇಡುವುದು ಕೆಲವರಿಗೆ ಚಟ, ನನಗೆ ಕಾಯಿಲೆ. ಡೈರಿಯ ಕೊನೆಯ ಪುಟಗಳಲ್ಲಿ ಗೀಟು ಹಾಕುತ್ತೇನೆ, ಐದಕ್ಕೊಂದು ಅಡ್ಡಗೀಟು. ಏಳೂ ನಲವತ್ತರ ಬಸ್ಸು ಎಷ್ಟು ದಿನ ತಡವಾಯಿತು, ಸ್ಟೌ ಹಚ್ಚಲು ಎಷ್ಟು ಕಡ್ಡಿ ಖರ್ಚಾದವು, ಎಲ್ಲವೂ ಅಲ್ಲಿವೆ. 1998ರಲ್ಲಿ ಅತಿ ಹೆಚ್ಚು ಗೀಟು ಬಿದ್ದದ್ದು ಒಂದು ಪ್ರಶ್ನೆಗೆ: "ನಿಮ್ದು ಯಾವೂರು?" ಇನ್ನೂರ ಹದಿನಾಲ್ಕು ಸಲ. ಒಂದು ಸಲವೂ ನಾನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿಲ್ಲ. ಅಪ್ಪ ಮೇಷ್ಟ್ರು, ಏಳು ವರ್ಗಾವಣೆ. ಹುಟ್ಟಿದ್ದು ಹುಳಿಯಾರಿನಲ್ಲಿ, ಅಕ್ಷರ ಕಲಿತದ್ದು ಚಿಕ್ಕನಾಯಕನಹಳ್ಳಿಯಲ್ಲಿ, ಗಣಿತದಲ್ಲಿ ಫೇಲಾದದ್ದು ದಬ್ಬೇಘಟ್ಟದಲ್ಲಿ, ಪಾಸಾದದ್ದು ತಿಪಟೂರಿನಲ್ಲಿ. ಈಗ ತುರುವೇಕೆರೆಯ ಲೈಬ್ರರಿಯಲ್ಲಿ ಹಂಗಾಮಿ ಸಹಾಯಕ. ಇಷ್ಟನ್ನು ಹೇಳುವಷ್ಟರಲ್ಲಿ ಕೇಳಿದವರ ಸ್ಟಾಪು ಬಂದು ಅವರು ಇಳಿದುಬಿಟ್ಟಿರುತ್ತಾರೆ.

ಇಂಥ ದುಃಖವನ್ನು ಸುಮ್ಮನೆ ಹಾಳು ಮಾಡಬಾರದು, ಕಲೆ ಮಾಡಬೇಕು ಅನ್ನಿಸಿತು. ಸೋದರಮಾವನ ಹಳೆಯ ಕ್ಯಾಮೆರಾ ಇತ್ತು, ಕವಿತೆ ಬರೆಯುವ ಕೆಟ್ಟ ಅಭ್ಯಾಸವೂ ಇತ್ತು. ಒಂದು ರೋಲಿಗೆ ಮೂವತ್ತಾರು ಚಿತ್ರ, ಮೂವತ್ತಾರು ಜನ, ಪ್ರತಿಯೊಬ್ಬರ ಕೆಳಗೂ ನಾಲ್ಕು ಸಾಲು. ಹೆಸರು 'ಯಾರವರು'. ತಿಪಟೂರಿನ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರು ನಕ್ಕು, "ಏಪ್ರಿಲ್‌ನಲ್ಲಿ ಒಂದು ಗೋಡೆ ಕೊಡಿಸ್ತೀನಿ. ಮೊದ್ಲು ಎಲ್ಲಾದ್ರೂ ಒಂದನ್ನ ನೇತುಹಾಕಿ, ಜನಕ್ಕೆ ಅರ್ಥ ಆಗುತ್ತಾ ನೋಡು," ಎಂದರು.

ನಾನು ಆರಿಸಿಕೊಂಡದ್ದು ಮಾಯಸಂದ್ರದ ಟೈಲರ್ ಅಜೀಜ್ ಸಾಬರನ್ನು. ಅರಸೀಕೆರೆಯಿಂದ ಬಂದು ನಲವತ್ತು ವರ್ಷ ಆಗಿದ್ದರೂ ಮಾಯಸಂದ್ರದಲ್ಲಿ ಅವರು 'ಅರಸೀಕೆರೆ ಸಾಬ್ರು'. ಅರಸೀಕೆರೆಗೆ ಹೋದರೆ 'ಮಾಯಸಂದ್ರದ ಸಾಬ್ರು'. ನನ್ನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಮುಖ ಎಲ್ಲಿ ಸಿಗಬೇಕು? ತೆಂಗಿನ ಚಿಪ್ಪಿನ ಕೆಂಡ ತುಂಬಿದ ಇಸ್ತ್ರಿಪೆಟ್ಟಿಯ ಹಿಂದೆ ನಿಲ್ಲಿಸಿ ಫೋಟೋ ತೆಗೆಯುವಾಗ ಅವರು ಹೇಳಿದರು: "ನಮ್ಮಣ್ಣ ಒಂದೇ ಸಮ ಕರೀತಾವ್ನೆ. ಪರಸ್ಥಳದಾಗೆ ಎಷ್ಟ್ ದಿನ ಇರ್ತೀಯ, ಇಲ್ಲೇ ಬಂದು ಅಂಗಡಿ ಇಟ್ಕೋ ಅಂತಾನೆ. ಗುರುವಾರ ಹೋಗಿ ಜಾಗ ನೋಡ್ಕೊಂಡು ಬತ್ತೀನಿ. ಊರೋರಿಗೆ ಹೇಳ್ಬೇಡಿ."

"ಬೇಜಾರಾಗಲ್ವಾ ಸಾಬ್ರೆ?"

"ಯಾರಿಗೆ? ಬಟ್ಟೆ ತಡ ಆಯ್ತು ಅಂತ ಬೈಯ್ಯೋಕೆ ಇನ್ನೊಬ್ಬ ಟೈಲರು ಸಿಗ್ತಾನೆ ಬುಡಿ."

ತಡದ ವಿಷಯದಲ್ಲಿ ಅವರದೊಂದು ಪದ್ಧತಿಯಿತ್ತು. ಪರ ಊರಿನವರಿಗೆ ಹೇಳಿದ ದಿನವೇ ಬಟ್ಟೆ ಸಿದ್ಧ. ಊರಿನವರಿಗೆ ಮಾತ್ರ ಶನಿವಾರದಿಂದ ಶನಿವಾರಕ್ಕೆ. "ಹೊರಗಿನೋರು ಒಂದ್ಸಲ ಬೇಜಾರಾದ್ರೆ ತಿರುಗಿ ಬರಲ್ಲ. ನಮ್ಮೋರು ಎಲ್ಲಿಗೋಗ್ತಾರೆ, ಕಾಯ್ತಾರೆ," ಎನ್ನುತ್ತಿದ್ದರು.

ಕವಿತೆಗೆ ಹನ್ನೊಂದು ಕರಡು ಆದವು. ಹನ್ನೆರಡನೆಯದು ಹೀಗಿತ್ತು:

ಎಲ್ಲಿಂದ ಬಂದನೆಂದು ಕೇಳಬೇಡಿ ಇನ್ನು,
ಸೂಜಿಗೆ ಊರಿಲ್ಲ, ದಾರಕ್ಕೂ ಇಲ್ಲ.
ಹೊಲಿಯುವಷ್ಟು ದಿನ ಹೊಲಿದೆ ನಿಮ್ಮ ನಡುವೆ,
ಬಿಚ್ಚಲಾರಿರಿ ನೀವು ಈ ಹೊಲಿಗೆಯನ್ನ.

ಕಲೆ ಅಂದರೆ ಕಪ್ಪುಬಿಳುಪೇ ಇರಬೇಕೆಂದು ಆಗ ನನ್ನ ನಂಬಿಕೆ. ಅದಕ್ಕೆ ಗಾಂಭೀರ್ಯ ಸಾಲದೆಂದು ಸುತ್ತಲೂ ಎರಡು ಬೆರಳಗಲ ಕಪ್ಪು ಕಾಗದದ ಅಂಚು ಅಂಟಿಸಿದೆ. ಗುರುವಾರ ಬೆಳಿಗ್ಗೆ ಮಾಯಸಂದ್ರದ ಬಸ್ ಸ್ಟಾಪಿನ ಎದುರಿನ ಹೋಟೆಲಿಗೆ ಹೋದೆ. ಯಜಮಾನರು ಮಂಡಿಗೆ ಕೊಬ್ಬರಿ ಹಾಕಲು ತಿಪಟೂರಿಗೆ ಹೋಗಿದ್ದರು. ಅವರ ಹೆಂಡತಿ ದೋಸೆ ಹಂಚಿನಿಂದ ತಲೆಯೆತ್ತದೆ, "ಎಲ್ಲಾದ್ರೂ ಅಂಟಿಸ್ಕಳಪ್ಪ," ಎಂದರು. ಹೊರಗೋಡೆಗೆ ಅಂಟಿಸಿ, ಜನರ ಅಭಿಪ್ರಾಯ ತಿಳಿಯಲು ಒಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ದಾರದಲ್ಲಿ ಕಟ್ಟಿ ತುರುವೇಕೆರೆಗೆ ಬಂದುಬಿಟ್ಟೆ.

ನಮ್ಮ ಕಡೆ ಒಬ್ಬರ ಫೋಟೋ, ಕೆಳಗೆ ನಾಲ್ಕು ಸಾಲು ಪದ್ಯ, ಸುತ್ತ ಕಪ್ಪು ಅಂಚು, ಇವು ಮೂರೂ ಒಟ್ಟಿಗೆ ಗೋಡೆಗೆ ಬರುವುದು ಯಾವಾಗ ಎಂದು ಐದನೇ ಕ್ಲಾಸಿನ ಹುಡುಗಿಯೂ ಹೇಳುತ್ತಾಳೆ. ಸಾಲದ್ದಕ್ಕೆ ಸಾಬರ ಅಂಗಡಿ ಅದೇ ದಿನ ಬಾಗಿಲು ಹಾಕಿತ್ತು, ಅವರು ಅರಸೀಕೆರೆ ಕಡೆ ಹೋದದ್ದನ್ನೂ ಯಾರೋ ನೋಡಿದ್ದರು. ಇದು ನನಗೆ ಹೊಳೆದದ್ದು ಶನಿವಾರ, ಬಸ್ಸಿಳಿದಾಗ. ಫೋಟೋಗೆ ಕನಕಾಂಬರದ ಹಾರ ಬಿದ್ದಿತ್ತು, ಬಾಳೆಹಣ್ಣಿಗೆ ಊದುಬತ್ತಿ ಚುಚ್ಚಿದ್ದರು. ನಮ್ಮ ಸೀಮೆಯಲ್ಲಿ ಏನೇ ಆಗಲಿ ಮೊದಲು ಒಂದು ಕಾಯಿ, ಹಾಗಾಗಿ ಹನ್ನೆರಡು ಹೋಳು ಸಾಲಾಗಿ ಕೂತಿದ್ದವು. ಸಾಬರ ಪದ್ಧತಿ ಬೇರೆಯೆಂದು ಯಾರೂ ಯೋಚಿಸಿದಂತಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಅಭಿಪ್ರಾಯಗಳು. ಆತ್ಮಕ್ಕೆ ಶಾಂತಿ ಕೋರಿದವು ಹದಿನೇಳು. "ಹಸಿರು ಬ್ಲೌಸ್ ಪೀಸು, ಲೈನಿಂಗ್ ಸಮೇತ ಕೊಟ್ಟಿದ್ದೆ, ಇನ್ನು ಯಾರನ್ನು ಕೇಳಬೇಕು?" ಎಂಬ ಜಾತಿಯವು ಒಂಬತ್ತು. ದೇಹವನ್ನು ಅರಸೀಕೆರೆಯಿಂದ ತರಿಸಬೇಕೆಂದು ನಾಲ್ಕು. ಕವಿತೆಯ ಬಗ್ಗೆ ಒಂದು: "ಪದ್ಯ ಸಾಧಾರಣ."

ನನ್ನನ್ನು ಕಂಡದ್ದೇ ಪಕ್ಕದ ಕೊಬ್ಬರಿ ಷೆಡ್ಡಿನ ಜವರಪ್ಪನವರು ಎದ್ದು ಬಂದರು. "ಫೋಟೋ ಹಾಕ್ದೋನು ನೀನೇ ಏನಪ್ಪ? ಮಣ್ಣು ಎಲ್ಲಿ ಮಾಡಿದ್ರಂತೆ?"

"ಯಜಮಾನ್ರೆ, ಅದು..."

"ಅರಸೀಕೆರೆಲಾ? ಅದೆಂಗ್ ಮಾಡ್ತಾರೆ? ನಲವತ್ತು ವರ್ಷ ಈ ಊರೋರ ಎದೆ ಸುತ್ತಳತೆ ತಗಂಡಿರೋರು. ನಮ್ಮೂರೋರ್ನ ನಮ್ಮನ್ನ ಕೇಳ್ದೆ ಮಣ್ಣು ಮಾಡಕ್ಕೆ ಅವರ್ಯಾರು?"

ನಿಜ ಹೇಳಿದರೆ ನನ್ನನ್ನೇ ಮಣ್ಣು ಮಾಡುವ ಸಾಧ್ಯತೆಯಿತ್ತು. ಬಾಯಿ ತೆರೆಯುವಷ್ಟರಲ್ಲಿ ತುರುವೇಕೆರೆ ಕಡೆಯಿಂದ ಬಸ್ಸು ಬಂದು ನಿಂತಿತು. ಕೈಚೀಲ ಹಿಡಿದು ಅಜೀಜ್ ಸಾಬರು ಇಳಿದರು.

ಸಾಬರು ಕನ್ನಡಕ ಹಾಕಿ ತಮ್ಮ ಫೋಟೋ ನೋಡಿದರು, ಹಾರ ನೋಡಿದರು, ಪದ್ಯ ಓದಿದರು. ಮೊದಲು ಬಾಯಿ ಬಿಟ್ಟದ್ದು ಹೋಟೆಲಿನ ಲಕ್ಷ್ಮಮ್ಮ, ಅದೇ ದೋಸೆ ಹಂಚಿನವರು. "ಸಾಬ್ರೆ, ಬದುಕಿದ್ರೆ ಒಳ್ಳೇದಾಯ್ತು. ನನ್ ಹಸಿರು ಬ್ಲೌಸು?"

"ಶನಿವಾರ ಕೊಡ್ತೀನಿ ಕಣಮ್ಮ."

"ಇವತ್ತೇ ಕಣ್ರೀ ಶನಿವಾರ."

ಸಾಬರು ನೋಟ್‌ಬುಕ್ ಬಿಚ್ಚಿದರು. ದೇಹವನ್ನು ತರಿಸಬೇಕೆಂದಿದ್ದ ನಾಲ್ಕು ಪುಟಗಳಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಹೋಗಿ ಅಂಗಡಿಯ ಬೀಗ ತೆಗೆದು, ಇಸ್ತ್ರಿಪೆಟ್ಟಿಗೆ ಚಿಪ್ಪು ತುಂಬಿದರು. ನಾನು ಹಿಂದೆಯೇ ಹೋಗಿ ತಪ್ಪಾಯಿತೆಂದೆ.

"ಅರಸೀಕೆರೆ ಅಂಗಡಿ ಏನಾಯ್ತು ಸಾಬ್ರೆ?"

"ಜಾಗ ಚೆನ್ನಾಗಿತ್ತು. ಅಣ್ಣಂಗೆ ಕಾಗದ ಬರೀತೀನಿ, ನಾನು ಮಾಯಸಂದ್ರದಾಗೆ ಆಗ್ಲೇ ಸತ್ತೋಗಿದೀನಿ, ಇನ್ನೆಲ್ಲಿಗೂ ಬರಕ್ಕಾಗಲ್ಲ ಅಂತ." ನಗಲಿಲ್ಲ. ಕೆಂಡ ಊದುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು.

ಪ್ರದರ್ಶನಕ್ಕೆ ಒಂದು ಹೊಸ ಅಂಗಿ ಬೇಕಿತ್ತು. ಅಳತೆ ಕೊಟ್ಟೆ. ಅವರ ಅಳತೆ ಪುಸ್ತಕ ನನ್ನ ಡೈರಿಗಿಂತ ಅಚ್ಚುಕಟ್ಟು: ಹೆಸರು, ಊರು, ಎದೆ, ತೋಳು. "ಯಾವೂರು ನಿಮ್ದು?" ಎಂದರು. ಮನಸ್ಸಿನಲ್ಲೇ ಒಂದು ಗೀಟೆಳೆದು, ಹುಳಿಯಾರಿನಿಂದ ಶುರುಮಾಡಿದೆ. ಮೂರನೇ ಊರಿಗೆ ಬರುವಾಗ ಅವರು ಪೆನ್ನು ಕಿವಿಗೆ ಸಿಕ್ಕಿಸಿ, "ಇರ್ಲಿ ಬುಡಿ, ಶನಿವಾರ ಬನ್ನಿ," ಎಂದರು. ಊರಿನ ಕಾಲಂ ಖಾಲಿಯೇ ಉಳಿಯಿತು. ಇಡೀ ಊರು ಸಾಬರನ್ನು ತನ್ನವರೆಂದು ಹಟ ಹಿಡಿದ ದಿನ ನನಗೆ ಒಂದು ಕಾಲಂ ಕೂಡ ಸಿಗಲಿಲ್ಲವಲ್ಲ ಎಂದು ಬೇಸರದಿಂದ ಬಸ್ಸು ಹತ್ತಿದೆ.

ಹೇಳಿದ ಶನಿವಾರ ಹೋದೆ. "ಗುಂಡಿ ಒಂದು ಬಾಕಿ, ಬರೋ ಶನಿವಾರ." ಬರುವ ಶನಿವಾರ ಕಾಲರ್ ಬಾಕಿ. ಅದರ ಮುಂದಿನ ಶನಿವಾರ ಅಂಗಿಯೇ ಬಾಕಿ, ಇನ್ನೂ ಕತ್ತರಿಸಿಯೇ ಇರಲಿಲ್ಲ. ತಿಪಟೂರಿನ ಪ್ರದರ್ಶನಕ್ಕೆ ಮೊಣಕೈ ಸವೆದ ಹಳೆಯ ಅಂಗಿಯಲ್ಲೇ ಹೋಗಿ, ಯಾರಿಗೂ ಕಾಣದಂತೆ ಕೈಕಟ್ಟಿ ನಿಂತಿದ್ದೆ. ವಿನಯವೆಂದು ಮೇಷ್ಟ್ರು ಮೆಚ್ಚಿದರು. ಇವತ್ತಿಗೆ ಡೈರಿಯಲ್ಲಿ ಒಂಬತ್ತು ಶನಿವಾರಗಳಿಗೆ ಒಂಬತ್ತು ಗೀಟು ಬಿದ್ದಿವೆ. ಮೊನ್ನೆ ನನ್ನ ಕಣ್ಣೆದುರೇ ದಾರಿಯಲ್ಲಿ ಹೋಗುವ ಒಬ್ಬ ಹಾಸನದವನಿಗೆ ಹೇಳಿದ ದಿನವೇ ಪ್ಯಾಂಟು ಕೊಟ್ಟು ಕಳಿಸಿದರು. ಜಗಳಕ್ಕೆಂದು ಹೋದವನು ಅದನ್ನು ನೋಡಿ ತೆಪ್ಪಗೆ ಬೆಂಚಿನ ಮೇಲೆ ಲಕ್ಷ್ಮಮ್ಮನ ಪಕ್ಕ ಕೂತೆ. ಅವರಿಗೂ ಬ್ಲೌಸು ಬಂದಿರಲಿಲ್ಲ.