ಕಲಾಯಿ ಸಾಹೇಬರ ಹಜ್ ಪಾಸು

ವಕೀಲಿ ಮಾಡುವವನಿಗೆ ಇಂಥ ಪ್ರಸಂಗಗಳ ಕೊರತೆ ಇರುವುದಿಲ್ಲ. ಅಪರಾಧಿಗಳಿಂದ ಅಷ್ಟೇನೂ ತೊಂದರೆಯಿಲ್ಲ. ಹೇಳಿಕೊಟ್ಟಷ್ಟು ಹೇಳಿ ಸುಮ್ಮನಾಗುತ್ತಾರೆ. ಪ್ರಾಣ ತಿನ್ನುವವರು ಪ್ರಾಮಾಣಿಕರು. ಐವತ್ತರ ದಶಕದ ಕೊನೆಯಲ್ಲಿ, ನಾನು ಶಿಕಾರಿಪುರದಲ್ಲಿ ಬೋರ್ಡು ತಗುಲಿಸಿದ ಹೊಸದರಲ್ಲಿ, ಎರಡೂ ಆಗಿದ್ದ ಒಬ್ಬರು ನನ್ನ ಪಾಲಿಗೆ ಬಂದರು.

ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುತ್ತಿದ್ದ ಸಾಹೇಬರು ಅವರು. ವಯಸ್ಸು ಅರವತ್ತರ ಹತ್ತಿರ. ಸಾಯುವುದರೊಳಗೆ ಹಜ್ ಯಾತ್ರೆ ಮಾಡಬೇಕು ಎಂಬುದೊಂದೇ ಅವರಿಗೆ ಉಳಿದಿದ್ದ ಆಸೆ. ಅದಕ್ಕೊಂದು ಅಡ್ಡಿ. ನಲವತ್ತೆರಡನೇ ಇಸವಿಯಲ್ಲಿ, ತುಂಬಿದ ಸಂತೆಯಲ್ಲಿ, ಸೊರಬದ ಜವಳಿ ಶೆಟ್ಟರೊಬ್ಬರು "ಈ ಸಾಹೇಬರು ತವರಕ್ಕೆ ಸೀಸ ಬೆರೆಸ್ತಾರೆ" ಎಂದು ನಾಲ್ಕು ಜನರೆದುರು ಹೇಳಿದ್ದರು. ಸಾಹೇಬರು ಕೈಯಲ್ಲಿದ್ದ ಇಕ್ಕಳದಿಂದ ಉತ್ತರ ಕೊಟ್ಟರು. ಶೆಟ್ಟರ ಮುಂದಿನ ಎರಡು ಹಲ್ಲು ಹೋದವು. ಸಾಹೇಬರು ಶಿವಮೊಗ್ಗದ ಜೈಲಿಗೆ ಹೋದರು. ಶಿಕ್ಷೆಯಾದವರನ್ನು ಸರ್ಕಾರ ಸುಮ್ಮನೆ ಹಡಗು ಹತ್ತಿಸುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಅವರು ನನ್ನ ಬಳಿ ಬಂದರು. ನನಗೆ ದೇವರಲ್ಲಿ ನಂಬಿಕೆ ಕಡಿಮೆ, ಸರ್ಕಾರಿ ಅರ್ಜಿಗಳಲ್ಲಿ ಇನ್ನೂ ಕಡಿಮೆ. ಆದರೂ ಒಪ್ಪಿಕೊಂಡೆ.

೧. ಜಾಗ ಸಾಲದ ಉತ್ತರ

ಬೊಂಬಾಯಿಯಲ್ಲಿ ಹಡಗು ಹತ್ತಲು ಬೇಕಾದ ಹಜ್ ಪಾಸಿನ ಅರ್ಜಿಯನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಕೇಳುತ್ತಾ ಹೋದೆ. ಹೆಸರು, ತಂದೆಯ ಹೆಸರು, ಊರು ಮುಗಿದವು. ನಂತರ ಆ ಪ್ರಶ್ನೆ ಬಂತು: ಎಂದಾದರೂ ಶಿಕ್ಷೆ ಆಗಿದೆಯೇ?

ನಾನು ಪೆನ್ನು ಕೆಳಗಿಟ್ಟು, "ಸಾಹೇಬ್ರೇ, ಇದು ಹದಿನೈದು ವರ್ಷಕ್ಕೂ ಹಿಂದಿನ ಮಾತು. ಬೊಂಬಾಯಿಯಿಂದ ಯಾರೂ ಶಿವಮೊಗ್ಗಕ್ಕೆ ಬಂದು ನೋಡೋದಿಲ್ಲ" ಎಂದೆ. ಇಷ್ಟು ಹೇಳಿದರೆ ಸಾಮಾನ್ಯವಾಗಿ ಕಕ್ಷಿದಾರನಿಗೆ ಅರ್ಥವಾಗುತ್ತದೆ.

"ವಕೀಲ್ರೇ, ನಾನು ಹೊರಟಿರೋದು ಯಾರ ಮನೆಗೆ?" ಎಂದರು ಸಾಹೇಬರು. "ಬಾಗ್ಲಲ್ಲೇ ಸುಳ್ಳು ಹೇಳಿ ಒಳಗೆ ಹೋಗ್ಲಾ?"

ಆಗಿದೆ ಎಂದು ಬರೆದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಇನ್ನೂ ಇಬ್ಬರಿಗೆ ಹೊಡೆದಿದ್ದೀನಿ. ಅವರು ಕೇಸು ಹಾಕ್ಲಿಲ್ಲ, ಒಳ್ಳೇ ಜನ. ಅದನ್ನೂ ಬರೀರಿ."

"ಅದನ್ನ ಕೇಳಿಲ್ಲ. ಬರೆಯೋಕೆ ಜಾಗವೂ ಇಲ್ಲ."

"ಹಾಗಾದ್ರೆ ಒಂದು ಹಾಳೆ ಅಂಟಿಸಿ" ಎಂದರು.

೨. ಗುಪ್ತ ವಿಚಾರಣೆ

ಅರ್ಜಿದಾರರ ನಡತೆಯ ಬಗ್ಗೆ ಗುಪ್ತವಾಗಿ ವಿಚಾರಿಸಿ ವರದಿ ಕೊಡಬೇಕೆಂದು ಠಾಣೆಗೆ ಹುಕುಂ ಬಂತು. ಕೆಲಸ ದಫೇದಾರರ ಪಾಲಿಗೆ ಬಿತ್ತು. ಅವರ ಮನೆ ಸಾಹೇಬರ ಅಂಗಡಿಗೆ ಎದುರು. ಅವರ ಮನೆಯ ಪಾತ್ರೆಗಳೆಲ್ಲ ಸಾಹೇಬರ ಕೈಯಲ್ಲೇ ಬೆಳ್ಳಗಾದವು. ಬೇರೆ ಯಾರನ್ನು ಕೇಳಿದರೂ ಸುದ್ದಿ ಪೇಟೆಗೆಲ್ಲ ಹರಡುತ್ತದೆ, ಗುಪ್ತ ಎಂಬುದು ಕೆಡುತ್ತದೆ. ಆದ್ದರಿಂದ ಅವರು ನೇರವಾಗಿ ಸಾಹೇಬರ ಅಂಗಡಿಗೆ ಹೋಗಿ, ತಿದಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ದನಿ ತಗ್ಗಿಸಿ ಕೇಳಿದರು:

"ಸಾಹೇಬ್ರೇ, ನಿಮ್ಮ ನಡತೆ ಹೆಂಗಿದೆ?"

"ಕೋಪ ಜಾಸ್ತಿ ಕಣ್ರೀ."

"ಮೊದ್ಲಿತ್ತು. ಈಗ ಕಡಿಮೆ ಆಗಿದೆ ಅಂತ ಬರ್ಕೊತೀನಿ."

"ಬೇಡ. ನಿನ್ನೆ ಮಗನ ಮೇಲೆ ಕೂಗಾಡಿದ್ದೀನಿ. ನಿಮ್ಮನೆಗೂ ಕೇಳಿಸಿರ್ಬೇಕು."

"ಕೇಳಿಸ್ತು. ಆದ್ರೆ ನಾನು ಆವಾಗ ಡ್ಯೂಟಿ ಮೇಲೆ ಇರ್ಲಿಲ್ಲ."

ಅಷ್ಟಕ್ಕೂ ಸಾಹೇಬರು ಬಿಡಲಿಲ್ಲ. ಸಾಕ್ಷಿ ಬೇಕಾದರೆ ಮಗನನ್ನು ಕರೆಯಲೇ ಎಂದು ಕೇಳಿದರು. ದಫೇದಾರರು ಎದ್ದು ಸೀದಾ ನನ್ನ ಕಚೇರಿಗೆ ಬಂದು ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟರು.

"ಸರ್ವಿಸಿನುದ್ದಕ್ಕೂ ಜನರ ಬಾಯಿ ಬಿಡಿಸೋ ಕೆಲಸ ಮಾಡಿದ್ದೀನಿ, ವಕೀಲ್ರೇ. ಮುಚ್ಚಿಸೋದು ಹೆಂಗೆ ಅಂತ ನಮಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿಲ್ಲ."

೩. ಹತ್ತಿರದಿಂದ ಬಲ್ಲವರು

ಅರ್ಜಿದಾರರನ್ನು ಹತ್ತಿರದಿಂದ ಬಲ್ಲ ಒಬ್ಬ ಗಣ್ಯರ ಪ್ರಮಾಣ ಪತ್ರವೂ ಬೇಕಿತ್ತು. ಪೇಟೆಯ ಗಣ್ಯರಿಗೆ ಸಾಹೇಬರ ಪರಿಚಯ ಪಾತ್ರೆಯ ಮಟ್ಟಿಗೆ ಮಾತ್ರ. ಕೊನೆಗೆ ಸಾಹೇಬರೇ ಒಬ್ಬರನ್ನು ಕರೆತಂದರು. ಈಸೂರು ಕಡೆಯ ಗೌಡರು, ತಾಲ್ಲೂಕು ಬೋರ್ಡಿನ ಸದಸ್ಯರು, ಖಾದಿ ಧರಿಸಿದವರು. ಸಭೆಗಳಲ್ಲಿ ಅವರಿಗೆ ಮುಂದಿನ ಕುರ್ಚಿ ಬಿಟ್ಟುಕೊಡುತ್ತಿದ್ದರು. ಇಂಥವರು ಕಲಾಯಿ ಅಂಗಡಿಯವರನ್ನು ಎಷ್ಟು ಬಲ್ಲರೋ ಎಂದು ನನಗೆ ಅನುಮಾನ ಬಂತು.

"ಇವರನ್ನ ಹತ್ತಿರದಿಂದ ಬಲ್ಲಿರಾ?"

"ನಡುವೆ ಒಂದು ಗೇಣು ಜಾಗ ಇರ್ಲಿಲ್ಲ" ಎಂದರು ಗೌಡರು. "ಒಂದೇ ಬ್ಯಾರಕ್ಕು. ನಾನು ನಲವತ್ತೆರಡರ ಚಳವಳಿಯಲ್ಲಿ ಒಳಗೆ ಹೋಗಿದ್ದೆ. ಇವರು ಇಕ್ಕಳದ ಕೇಸಲ್ಲಿ ಬಂದ್ರು. ಜೈಲಿನ ಗಂಜಿ ಕೊಪ್ಪರಿಗೆ ಕಿಲುಬು ಹಿಡಿದು ನಮಗೆಲ್ಲ ವಾಂತಿ ಆಗ್ತಿತ್ತು. ಕಲಾಯಿ ಹಾಕಿ ಕೊಟ್ರು. ಸ್ವಾತಂತ್ರ್ಯ ಯಾರು ತಂದ್ರೋ, ನಾವು ಅದನ್ನ ನೋಡೋಕೆ ಉಳಿದಿದ್ದು ಇವರಿಂದ."

ಬೇರೆ ಯಾರಾದರೂ ಹೇಳಿದ್ದರೆ ಭಾಷಣವೆಂದು ಬಿಟ್ಟುಬಿಡುತ್ತಿದ್ದೆ. ಗೌಡರು ಲೆಕ್ಕ ಒಪ್ಪಿಸುವವರಂತೆ ಹೇಳಿದರು. ನಾನು ಬರೆಯುತ್ತಿದ್ದದ್ದನ್ನು ಅಲ್ಲಿಗೇ ನಿಲ್ಲಿಸಿದ್ದೆ. ಅಷ್ಟರಲ್ಲಿ ಗೌಡರಿಗೆ ಒಂದು ಉಪಾಯ ಹೊಳೆಯಿತು.

"ವರ್ಷ ಅದೇ, ಜೈಲೂ ಅದೇ. ಇವರೂ ಚಳವಳಿಯವರೇ ಅಂತ ಬರೆದುಬಿಡಿ. ಆಗ ಸರ್ಕಾರವೇ ಎದ್ದು ನಿಂತು ಹಡಗು ಹತ್ತಿಸ್ತದೆ."

ನನಗೂ ಅದು ಸರಿಯೆನ್ನಿಸಿತು. ಸಾಹೇಬರು ಬೇಡವೆಂದು ತಲೆಯಾಡಿಸಿದರು.

"ಗೌಡ್ರೇ, ನೀವು ಬ್ರಿಟಿಷರ ವಿರುದ್ಧ ಹೋಗಿದ್ರಿ. ನಾನು ಹೋಗಿದ್ದು ಸೊರಬದ ಶೆಟ್ಟರ ವಿರುದ್ಧ."

ಬ್ರಿಟಿಷರು ಬಿಟ್ಟು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಶೆಟ್ಟರು ಇನ್ನೂ ಅಲ್ಲೇ ಇದ್ದರು.

೪. ಸರ್ಕಾರ ಕೇಳದ ಪರವಾನಗಿ

ಪಾಸು ಬಂತು. ಆದರೆ ಅದರಲ್ಲಿ ಕೆಂಪು ಶಾಯಿಯಲ್ಲಿ ಒಂದು ಮಾತು ಇತ್ತು: ಬಂದರಿನ ಅಧಿಕಾರಿ ಖುದ್ದಾಗಿ ವಿಚಾರಿಸಿ ಬಿಡತಕ್ಕದ್ದು. ನನಗೆ ಚಿಂತೆಯಾದದ್ದು ಇದು. ಸಾಹೇಬರ ಚಿಂತೆ ಬೇರೆ ಇತ್ತು. ಹಜ್ಜಿಗೆ ಹೊರಡುವ ಮೊದಲು ತಾನು ನೋಯಿಸಿದವರ ಬಳಿಗೆಲ್ಲ ಹೋಗಿ ಮಾಫಿ ಕೇಳಬೇಕು, ಅದು ಅವರಲ್ಲಿ ರೂಢಿ. ಕೇಸು ಹಾಕದಿದ್ದ ಇಬ್ಬರು ಮಾಫಿ ಕೊಟ್ಟಾಗಿತ್ತು. ಉಳಿದವರು ಶೆಟ್ಟರು.

"ಅವರು ಕೊಡದಿದ್ರೆ?" ಎಂದು ಕೇಳಿದೆ.

"ಹೋಗೋದಿಲ್ಲ" ಎಂದರು.

ನಾನು ಸೊರಬದ ಕೋರ್ಟಿಗೆ ಹೋಗುವ ದಿನ ಅವರೂ ಜೊತೆಗೆ ಬಸ್ಸು ಹತ್ತಿದರು. ಆಗ ಕ್ಯಾಸನೂರು ಕಡೆ ಮಂಗಗಳು ಸತ್ತು ಬೀಳುತ್ತಿದ್ದವು, ಜನಕ್ಕೂ ಜ್ವರ ಬರುತ್ತಿತ್ತು. ಬಸ್ಸಿನಲ್ಲಿ ಮಾತೆಲ್ಲ ಅದೇ. ಕಂಡಕ್ಟರು ಸಾಹೇಬರಿಗೆ, "ಈ ಹೊತ್ತಲ್ಲಿ ಸೊರಬಕ್ಕೆ ಯಾಕ್ರೀ? ಮಂಗನ ಕಾಯಿಲೆ ಇದೆ" ಎಂದ. ಸಾಹೇಬರು, "ಶೆಟ್ಟರನ್ನ ನೋಡ್ಬೇಕು" ಎಂದರು. ಕಂಡಕ್ಟರಿಗೆ ಆ ಕಥೆ ಗೊತ್ತಿತ್ತು. "ಹಾಗಾದ್ರೆ ಮಂಗನ ಕಾಯಿಲೆ ಪರವಾಗಿಲ್ಲ" ಎಂದು ಟಿಕೆಟ್ಟು ಹರಿದ.

ಶೆಟ್ಟರು ಅಂಗಡಿಯ ಗಾದಿಯ ಮೇಲೆ ಒರಗಿದ್ದರು. ಬಾಯಿಬಿಟ್ಟಾಗ ಎದುರಿನ ಸಂದು ಎದ್ದು ಕಾಣುತ್ತಿತ್ತು. ಹಲ್ಲು ಕಟ್ಟಿಸಿಕೊಳ್ಳುವ ಶಕ್ತಿ ಇದ್ದರೂ ಕಟ್ಟಿಸಿಕೊಂಡಿರಲಿಲ್ಲ. ಸಾಹೇಬರು ನಿಂತೇ ಮಾಫಿ ಕೇಳಿದರು. ಶೆಟ್ಟರು ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಕೋರ್ಟು ಶಿಕ್ಷೆ ಕೊಡ್ತು, ಇವರು ಅನುಭವಿಸಿದ್ರು. ಇನ್ನು ನಂದೇನ್ರೀ ಕೆಲಸ?"

ಸಾಹೇಬರೇ ಉತ್ತರಿಸಿದರು. "ಸರ್ಕಾರದ್ದು ಮುಗೀತು ಶೆಟ್ರೇ. ನಿಮ್ಮದು ಮುಗಿದಿಲ್ಲ."

ಈ ಕಾಯಿದೆ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದಿದ್ದರೆ ಪುಸ್ತಕಗಳು ಇನ್ನೂ ತೆಳ್ಳಗಿರುತ್ತಿದ್ದವು.

ಶೆಟ್ಟರು ಬಟ್ಟೆ ಅಳೆಯುವ ಮೊಳಕೋಲನ್ನು ಕೈಯಲ್ಲಿ ತಿರುಗಿಸಿದರು. "ಜವಳಿಗೆ ನಾನೂ ಬೊಂಬಾಯಿಗೆ ಹೋಗೋದಿದೆ. ಒಟ್ಟಿಗೆ ಹೋಗೋಣ. ದಾರೀಲಿ ಯೋಚಿಸ್ತೀನಿ" ಎಂದರು.

ಒಳಗಿನ ಬಾಗಿಲಿಂದ ಅವರ ಹೆಂಡತಿ ಹೇಳಿದರು: "ಯೋಚಿಸೋದೇನು? ಈ ಗಲಾಟೆ ಆದಾಗಿಂದ ಮನೇಲಿ ಒಂದು ಪಾತ್ರೆಗೂ ನೆಟ್ಟಗೆ ಕಲಾಯಿ ಆಗಿಲ್ಲ. ನಾನು ಆವಾಗ್ಲೇ ಕ್ಷಮಿಸಿದ್ದೀನಿ."

೫. ಬೀರೂರಿನಿಂದ ಪುಣೆ

ಬಂದರಿನಲ್ಲಿ ಇಂಗ್ಲಿಷು ಮಾತಾಡಲು ಒಬ್ಬರು ಬೇಕೆಂದು ನಾನೂ ಹೊರಟೆ. ಸಮುದ್ರ ನೋಡಿರಲಿಲ್ಲ ಎಂಬುದೂ ಒಂದು ಕಾರಣ.

ಬೀರೂರಿನಲ್ಲಿ ರೈಲು ಹತ್ತಿದ್ದೇ ಶೆಟ್ಟರು ಶುರುಮಾಡಿದರು. ಸಾಹೇಬರ ಹಾಸಿಗೆಯ ಸುತ್ತು ಸರಿಯಿಲ್ಲ, ಬಿಚ್ಚಿ ಕಟ್ಟಿ ಎಂದರು. ಸಾಹೇಬರು ಬಿಚ್ಚಿ ಕಟ್ಟಿದರು. ಮೊದಲಿನದೇ ಚೆನ್ನಾಗಿತ್ತು ಎಂದರು ಶೆಟ್ಟರು. ಕಿಟಕಿಯ ಜಾಗ ಬಿಡಿಸಿಕೊಂಡರು. ಸಾಹೇಬರು ಕಟ್ಟಿಸಿಕೊಂಡು ಬಂದಿದ್ದ ಖರ್ಜೂರವನ್ನು ಕೇಳದೆ ತಿಂದು, ಬೀಜವನ್ನು ಅವರ ಕೈಗೇ ಕೊಟ್ಟರು. ಹೊಸಬರು ಡಬ್ಬಿ ಹತ್ತಿದಾಗಲೆಲ್ಲ, "ನನ್ನ ಹಲ್ಲು ಮುರಿದವರು ಇವರೇ, ಹಜ್ಜಿಗೆ ಹೋಗ್ತಿದ್ದಾರೆ" ಎಂದು ಪರಿಚಯ ಮಾಡಿಸಿದರು. ಹುಬ್ಬಳ್ಳಿಯಲ್ಲಿ ಹತ್ತಿದ ಒಬ್ಬ ಕಾಳಿನ ವ್ಯಾಪಾರಿ ಅದನ್ನು ಕೇಳಿ ಇಳಿದು ಬೇರೆ ಡಬ್ಬಿಗೆ ಹೋದ.

ಸಾಹೇಬರು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ಕಿವಿ ಕೆಂಪಗಾಗಿತ್ತು. ಪುಣೆ ಹತ್ತಿರವಾದಾಗ ಶೆಟ್ಟರು ಇಡೀ ಡಬ್ಬಿಗೆ ಕೇಳಿಸುವಂತೆ ಹೇಳಿದರು:

"ಅಂದಹಾಗೆ, ಇವರು ತವರಕ್ಕೆ ಸೀಸ ಬೆರೆಸ್ತಾರೆ."

ಅದೇ ಮಾತು. ನಾನು ಸಾಹೇಬರ ಕೈ ನೋಡಿದೆ. ಅವರು ಎದ್ದರು. ಶೆಟ್ಟರನ್ನು ದಾಟಿ, ಬಾಗಿಲ ಹತ್ತಿರ ಹೋಗಿ, ಸರಳು ಹಿಡಿದು ಹೊರಗೆ ನೋಡುತ್ತಾ ನಿಂತರು. ರೈಲು ನಿಲ್ಲುವವರೆಗೂ ಹಾಗೇ ನಿಂತಿದ್ದರು. ಸಮುದ್ರ ನೋಡುವ ಮೊದಲೇ ದೊಡ್ಡದೊಂದನ್ನು ನೋಡಿದೆ ಎನ್ನಿಸಿತು. ಇಂಥ ಮಾತು ನಾನು ಸಾಮಾನ್ಯವಾಗಿ ಆಡುವವನಲ್ಲ, ಆದ್ದರಿಂದ ಯಾರಿಗೂ ಹೇಳಲಿಲ್ಲ.

ಶೆಟ್ಟರು ಮಾತ್ರ ಖರ್ಜೂರದ ಪೊಟ್ಟಣವನ್ನು ಮಡಿಸುತ್ತಾ, "ಛೇ, ಏನೂ ಆಗ್ಲಿಲ್ಲ" ಎಂದರು.

೬. ಬಂದರು

ಬೊಂಬಾಯಿಯ ಬಂದರಿನಲ್ಲಿ ಜನ ಸಾವಿರಗಟ್ಟಲೆ. ಹಡಗು ನಮ್ಮೂರಿನ ಪೇಟೆಬೀದಿಗಿಂತ ಉದ್ದವಿತ್ತು. ಮೇಜಿನ ಹಿಂದೆ ಬಿಳಿ ಸಮವಸ್ತ್ರದ ಅಧಿಕಾರಿ ಪಾಸುಗಳ ಮೇಲೆ ಮೊಹರು ಹೊಡೆಯುತ್ತಿದ್ದರು. ಕೆಂಪು ಶಾಯಿ ಕಂಡು ಮೊಹರನ್ನು ಪಕ್ಕಕ್ಕಿಟ್ಟರು.

"ಹೊಡೆದಾಟದ ಕೇಸು. ಹಡಗಿನಲ್ಲಿ ಇಷ್ಟು ಜನ, ಇಷ್ಟು ದಿನ, ಇಕ್ಕಟ್ಟು. ಕೈಮಾಡುವವರನ್ನು ಹತ್ತಿಸಿ ನಾಳೆ ನಾನು ಜವಾಬು ಹೇಳಲಾರೆ. ಬದಿಗೆ ನಿಲ್ಲಿ."

ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಇಂಗ್ಲಿಷ್ ವಾದವನ್ನು ನಾನು ಶುರುಮಾಡಿದೆ. ಅಧಿಕಾರಿ ಮೊದಲ ವಾಕ್ಯಕ್ಕೇ ಕೈಯೆತ್ತಿ ನಿಲ್ಲಿಸಿದರು. ಸಾಹೇಬರು ಬದಿಗೆ ಹೋಗಿ ನಿಂತರು. ಹಿಂದಿದ್ದವರು ಒಬ್ಬೊಬ್ಬರಾಗಿ ಅವರನ್ನು ದಾಟಿ ಹಡಗಿನ ಕಡೆ ಹೋಗುತ್ತಿದ್ದರು.

ಅಷ್ಟರಲ್ಲಿ ಶೆಟ್ಟರು ನನ್ನನ್ನು ತಳ್ಳಿಕೊಂಡು ಮೇಜಿನ ಮುಂದೆ ಬಂದರು. "ಸ್ವಾಮಿ, ಇವರು ಹೊಡೆದದ್ದು ನನಗೆ" ಎಂದು ತಮ್ಮ ಸಂತೆಯ ಹಿಂದಿಯಲ್ಲಿ ಹೇಳಿ, ಬಾಯಿ ಅಗಲಿಸಿ ತೋರಿಸಿದರು. ಅಧಿಕಾರಿ ಬಗ್ಗಿ ನೋಡಿದರು.

"ಬೀರೂರಿನಿಂದ ಇವರನ್ನ ಪರೀಕ್ಷೆ ಮಾಡ್ಕೊಂಡು ಬಂದಿದ್ದೀನಿ. ಜಾಗ ಕಿತ್ಕೊಂಡೆ, ತಿಂಡಿ ಕಿತ್ಕೊಂಡೆ, ಯಾವ ಮಾತಿಗೆ ಆವತ್ತು ಹೊಡೆದ್ರೋ ಅದೇ ಮಾತು ಮತ್ತೆ ಅಂದೆ. ನೀವಾಗಿದ್ರೂ ಎರಡು ಬಿಡ್ತಿದ್ರಿ. ಇವರು ಬೆರಳೆತ್ತಲಿಲ್ಲ. ಇನ್ನು ನಿಮ್ಮ ಹಡಗಲ್ಲಿ ನನಗಿಂತ ಕೆಟ್ಟೋರು ಯಾರಿದ್ದಾರೆ, ತೋರ್ಸಿ."

ಅಧಿಕಾರಿ ಅವರನ್ನೂ ಸಾಹೇಬರನ್ನೂ ನೋಡಿದರು. "ಅಂದರೆ ನೀವು ಇವರನ್ನು ಕ್ಷಮಿಸಿದ್ದೀರಿ?"

ಶೆಟ್ಟರು ಸಾಹೇಬರ ಕಡೆ ತಿರುಗಲಿಲ್ಲ. ಹಡಗಿನ ಕಡೆ ನೋಡಿದರು. "ಹೌದು. ಬರ್ಕೊಳ್ಳಿ" ಎಂದರು.

ಮೊಹರು ಬಿತ್ತು. ಸಾಹೇಬರು ಗಂಟು ಎತ್ತಿಕೊಂಡು ಶೆಟ್ಟರ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ಮಾಫಿ ಪೂರ್ತಿನಾ ಶೆಟ್ರೇ? ಹಿಂದಕ್ಕೆ ತಗೊಳ್ಳೋದಿಲ್ಲ?"

"ಪೂರ್ತಿ. ಹೊರಡಿ."

"ಹಾಗಾದ್ರೆ ಈಗ ಒಂದು ಮಾತು ಹೇಳ್ಬೋದು. ನನ್ನ ತವರದಲ್ಲಿ ಸೀಸ ಇರ್ಲಿಲ್ಲ. ಆವತ್ತು ತಪ್ಪು ನಿಮ್ಮದು."

"ನಂಗೊತ್ತು" ಎಂದರು ಶೆಟ್ಟರು. "ಅದಕ್ಕೇ ಕ್ಷಮಿಸೋಕೆ ಇಷ್ಟು ವರ್ಷ ಹಿಡೀತು."